ಟಿ.ವಿ. ತೋರಿಸುವ ಮುಖ, ಮನೆ ಮುಚ್ಚಿಡುವ ಮುಖ



ವರದಕ್ಷಿಣೆ ಕಿರುಕುಳ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಬರೆಯಲೆಂದೇ ಇರುವ ಈ ಪತ್ರಿಕೆಯಲ್ಲಿ ಈ ಸಲ ಬೇರೊಂದು ದೇಶದ ವಿಷಯ ಎತ್ತಿಕೊಂಡಿದ್ದೇನೆ. ಅಮೆರಿಕದ ಟಿ.ವಿ. ಅಲ್ಲಿನ ಕಪ್ಪು ಗಂಡಸರನ್ನು ಹೇಗೆ ತೋರಿಸುತ್ತ ಬಂದಿದೆ ಎಂಬುದೇ ಆ ವಿಷಯ. ಅಲ್ಲಿಯ ಸುದ್ದಿ ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಮೊದಲು ಒಂದು ಕೊಲೆಯ ಸಂಗತಿ ಹೇಳುತ್ತೇನೆ. ಅದನ್ನು ಓದಿದ ಮೇಲೆ ಈ ವಿಷಯ ನಮಗೆಷ್ಟು ಹತ್ತಿರದ್ದು ಎಂಬುದನ್ನು ನೀವೇ ತೀರ್ಮಾನಿಸಿ.

1989ರ ಅಕ್ಟೋಬರ್ 23ರ ರಾತ್ರಿ ಬಾಸ್ಟನ್ ನಗರದಲ್ಲಿ ಕ್ಯಾರಲ್ ಸ್ಟುವರ್ಟ್ ಎಂಬ ಬಿಳಿಯ ಹೆಣ್ಣುಮಗಳು ಗಂಡ ಚಾರ್ಲ್ಸ್ ಜೊತೆ ಕಾರಿನಲ್ಲಿ ಹೊರಟಿದ್ದಳು. ಆಕೆ ವಕೀಲೆ, ಏಳು ತಿಂಗಳ ಬಸುರಿ. ಆಸ್ಪತ್ರೆಯಲ್ಲಿ ಹೆರಿಗೆಗೆ ಸಿದ್ಧವಾಗುವ ತರಬೇತಿಯನ್ನು ಆಗಷ್ಟೇ ಮುಗಿಸಿ ಬಂದಿದ್ದರು. ಸ್ವಲ್ಪ ಹೊತ್ತಿನಲ್ಲಿ ಗಂಡ ಕಾರಿನ ಫೋನಿನಿಂದ ಪೊಲೀಸರನ್ನು ಕರೆದ. ಹೆಂಡತಿಯ ತಲೆಗೆ ಗುಂಡು ಬಿದ್ದಿತ್ತು, ಅವನ ಹೊಟ್ಟೆಗೂ ತಗುಲಿತ್ತು. ಒಬ್ಬ ಕಪ್ಪು ಗಂಡಸು ಕಾರಿಗೆ ನುಗ್ಗಿ, ದೋಚಿ, ಗುಂಡು ಹಾರಿಸಿ ಓಡಿಹೋದನೆಂದು ಹೇಳಿದ. ಆಂಬುಲೆನ್ಸಿನವರ ಕೆಲಸವನ್ನು ಚಿತ್ರೀಕರಿಸಲು ಬಂದಿದ್ದ ಟಿ.ವಿ. ತಂಡವೊಂದು ಅಂದು ರಾತ್ರಿ ಅಲ್ಲೇ ಇತ್ತು. ರಕ್ತದಲ್ಲಿ ಬಿದ್ದಿದ್ದ ದಂಪತಿಗಳ ದೃಶ್ಯ, ಆ ಫೋನಿನ ದನಿ ಇಡೀ ದೇಶದ ಮನೆಮನೆಗೂ ತಲುಪಿದವು. ಕ್ಯಾರಲ್ ಉಳಿಯಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ಹೊರತೆಗೆದ ಕೂಸು 17 ದಿನ ಬದುಕಿ ತೀರಿಕೊಂಡಿತು.

ಪೊಲೀಸರು ಮಿಷನ್ ಹಿಲ್ ಎಂಬ ಕಪ್ಪು ಜನರ ಬಡಾವಣೆಗೆ ನುಗ್ಗಿದರು. ಕಂಡಕಂಡ ಹುಡುಗರನ್ನು ಬೀದಿಯಲ್ಲಿ ನಿಲ್ಲಿಸಿ ಶೋಧಿಸಿದರು. ವಿಲಿ ಬೆನೆಟ್ ಎಂಬ ಕಪ್ಪು ಮನುಷ್ಯ ಶಂಕಿತನೆಂದು ಎಲ್ಲ ಕಡೆ ಸುದ್ದಿಯಾದ. ಸಾಲಾಗಿ ನಿಲ್ಲಿಸಿದ ಗಂಡಸರಲ್ಲಿ ಅವನೇ ಕೊಲೆಗಾರನಂತೆ ಕಾಣುತ್ತಾನೆಂದು ಚಾರ್ಲ್ಸ್ ಬೊಟ್ಟು ಮಾಡಿದ. 1990ರ ಜನವರಿ ಮೊದಲ ವಾರ ಚಾರ್ಲ್ಸ್‌ನ ಸ್ವಂತ ತಮ್ಮನೇ ಪೊಲೀಸರ ಬಳಿ ಹೋಗಿ ನಿಜ ಹೇಳಿದ. ಅಂದು ರಾತ್ರಿ ಬಂದೂಕನ್ನೂ ಅತ್ತಿಗೆಯ ಕೈಚೀಲವನ್ನೂ ಸಾಗಿಸಿದವನು ಅವನೇ. ಕ್ಯಾರಲ್‌ಳನ್ನು ಕೊಂದವನು ಗಂಡ. ಅನುಮಾನ ಬಾರದಿರಲೆಂದು ತನ್ನ ಮೇಲೂ ಗುಂಡು ಹಾರಿಸಿಕೊಂಡಿದ್ದ. ಹೆಂಡತಿಯ ಮೇಲೆ ಜೀವವಿಮೆಯೂ ಇತ್ತು. ಗುಟ್ಟು ಹೊರಬಿದ್ದ ಮರುದಿನ ಅವನು ಸೇತುವೆಯಿಂದ ಹಾರಿ ಸತ್ತ. ಬೆನೆಟ್‌ನ ಕುಟುಂಬ ಅನುಭವಿಸಿದ ಅವಮಾನಕ್ಕೆ ಬಾಸ್ಟನ್ ನಗರದ ಮೇಯರ್ ಅಧಿಕೃತವಾಗಿ ಕ್ಷಮೆ ಕೇಳಿದ್ದು 2023ರ ಡಿಸೆಂಬರಿನಲ್ಲಿ, 34 ವರ್ಷಗಳ ನಂತರ.

ಇದನ್ನು ಓದಿದಾಗ ನಿಮಗೆ ಏನು ನೆನಪಾಗುತ್ತದೆ? ನನಗೆ ನೆನಪಾಗುವುದು 'ಸ್ಟೌ ಸಿಡಿಯಿತು' ಎಂಬ ಮಾತು. ಎಂಬತ್ತು ತೊಂಬತ್ತರ ದಶಕಗಳಲ್ಲಿ ನಮ್ಮ ಎಷ್ಟು ಸೊಸೆಯಂದಿರ ಸಾವಿನ ಮುಂದೆ ಈ ಎರಡು ಪದಗಳನ್ನು ಬರೆದು ಕಡತ ಮುಚ್ಚಲಾಯಿತು! ಒಂದೇ ಮನೆಯಲ್ಲಿ ಅತ್ತೆಗೆ ಸಿಡಿಯದ ಸ್ಟೌ, ನಾದಿನಿಗೆ ಸಿಡಿಯದ ಸ್ಟೌ, ಸೊಸೆಗೆ ಮಾತ್ರ ಏಕೆ ಸಿಡಿಯುತ್ತದೆ ಎಂದು ಮಹಿಳಾ ಸಂಘಟನೆಗಳು ಬೀದಿಗಿಳಿದು ಕೇಳಬೇಕಾಯಿತು. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತಿದ್ದು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಅವಳನ್ನು ಹಿಂಸಿಸಿದ್ದು ಕಂಡುಬಂದರೆ ಗಂಡ ಮತ್ತು ಅವನ ಮನೆಯವರೇ ಉತ್ತರ ಹೇಳಬೇಕು ಎಂಬ ಕಾನೂನು 1986ರಲ್ಲಿ ಬಂದದ್ದು ಈ ಹೋರಾಟದಿಂದಲೇ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 80ನೆಯ ಕಲಮಾಗಿ ಉಳಿದಿದೆ. ಮನೆಯೊಳಗಿನ ಕೊಲೆಗಾರನಿಗೆ ಎಲ್ಲರೂ ತಟ್ಟನೆ ನಂಬುವ ಕಥೆಯೊಂದು ಬೇಕು. ನಮ್ಮಲ್ಲಿ ಆ ಕಥೆಯನ್ನು ಸೀಮೆಎಣ್ಣೆ ಸ್ಟೌ ಒದಗಿಸಿತು. ಬಾಸ್ಟನ್ನಿನಲ್ಲಿ ಕಪ್ಪು ಗಂಡಸಿನ ಮುಖ ಒದಗಿಸಿತು.

ಆ ಮುಖ ಎಲ್ಲಿಂದ ಬಂತು? ಗುಲಾಮಗಿರಿ ರದ್ದಾದ ಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನ ಅಂಗಡಿ ಇಟ್ಟರು, ಓದಿದರು, ಓಟು ಹಾಕತೊಡಗಿದರು. ಇದನ್ನು ಸಹಿಸದವರು ಅವರನ್ನು ಗುಂಪುಗೂಡಿ ಹಿಡಿದು ಮರಕ್ಕೆ ನೇತುಹಾಕತೊಡಗಿದರು. ಕೇಳಿದರೆ, ನಮ್ಮ ಹೆಂಗಸರ ಮಾನ ಕಾಪಾಡಲು ಎಂದರು. ಗುಲಾಮಗಿರಿಯಲ್ಲೇ ಹುಟ್ಟಿ, ಶಾಲಾ ಶಿಕ್ಷಕಿಯಾಗಿ, ಪತ್ರಕರ್ತೆಯಾದ ಐಡಾ ಬಿ. ವೆಲ್ಸ್ ಎಂಬ ಕಪ್ಪು ಮಹಿಳೆ ಈ ಸುಳ್ಳನ್ನು ಬಯಲು ಮಾಡಿದಳು. 1892ರಲ್ಲಿ ಮೆಂಫಿಸ್ ಊರಿನಲ್ಲಿ ಅವಳ ಮೂವರು ಪರಿಚಿತರನ್ನು ಗುಂಪು ಕೊಂದಿತು. ಬಿಳಿಯನೊಬ್ಬನ ಅಂಗಡಿಗೆ ಪೈಪೋಟಿ ಕೊಡುವ ದಿನಸಿ ಅಂಗಡಿ ನಡೆಸಿದ್ದು ಅವರ ತಪ್ಪು. ವೆಲ್ಸ್ ಇಂಥ ಕೊಲೆಗಳನ್ನು ಒಂದೊಂದಾಗಿ ವಿಚಾರಿಸಿ, ಮಾನಭಂಗದ ಆರೋಪ ಹೆಚ್ಚಾಗಿ ನೆಪವೆಂದು ಬರೆದಳು. ಅವಳ ಪತ್ರಿಕಾ ಕಚೇರಿಯನ್ನು ಧ್ವಂಸ ಮಾಡಿದರು. ಅವಳು ಊರು ಬಿಡಬೇಕಾಯಿತು, ಬರೆಯುವುದನ್ನು ಮಾತ್ರ ಬಿಡಲಿಲ್ಲ. ಹೆಣ್ಣಿನ ರಕ್ಷಣೆಯ ಹೆಸರಿನಲ್ಲಿ ನಡೆಯುವ ಹಿಂಸೆಯನ್ನು ಹೆಣ್ಣೇ ನಿಂತು ಪ್ರಶ್ನಿಸಿದ ಈ ತಾಯಿಯನ್ನು ನಾವು ನೆನೆಯಬೇಕು.

ಆಮೇಲೆ ಆ ಸುಳ್ಳು ಪರದೆಗೆ ಏರಿತು. 1915ರಲ್ಲಿ ಬಂದ 'ದಿ ಬರ್ತ್ ಆಫ್ ಎ ನೇಷನ್' ಸಿನಿಮಾದಲ್ಲಿ ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟನೊಬ್ಬ ಕಪ್ಪು ಮನುಷ್ಯನಾಗಿ ಬಿಳಿಯ ಹುಡುಗಿಯನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಆ ಸಿನಿಮಾ ಅಧ್ಯಕ್ಷರ ಶ್ವೇತಭವನದಲ್ಲೇ ಪ್ರದರ್ಶನ ಕಂಡಿತು. ಸತ್ತುಹೋಗಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿ ಸಂಘ ಅದೇ ವರ್ಷ ಮತ್ತೆ ಹುಟ್ಟಿಕೊಂಡಿತು. ಟಿ.ವಿ. ಬಂದಾಗ ಮೊದಲು ತೋರಿಸಿದ್ದು ನಗೆಪಾಟಲಿನ ಕಪ್ಪು ಗಂಡಸನ್ನು. 'ಏಮಸ್ ಅಂಡ್ ಆಂಡಿ' ರೇಡಿಯೋದಲ್ಲಿ ಇಬ್ಬರು ಬಿಳಿಯರು ಕಪ್ಪು ಜನರ ಮಾತನ್ನು ಅಣಕಿಸುತ್ತಿದ್ದ ಕಾರ್ಯಕ್ರಮ. 1951ರಿಂದ 1953ರವರೆಗೆ ಅದು ಕಪ್ಪು ನಟರೊಂದಿಗೆ ಟಿ.ವಿ.ಯಲ್ಲಿ ಬಂತು. ಸೋಮಾರಿ, ಮೋಸಗಾರ, ಪೆದ್ದ ಎಂದೇ ತಮ್ಮನ್ನು ತೋರಿಸುತ್ತಿದ್ದಾರೆಂದು ಕಪ್ಪು ಜನರ ಸಂಘಟನೆ ಪ್ರತಿಭಟಿಸಿತು. ನಗೆಗೀಡಾದವನು ಒಬ್ಬ, ಭಯ ಹುಟ್ಟಿಸುವವನು ಇನ್ನೊಬ್ಬ. ಸಾಮಾನ್ಯನಾದ ಕಪ್ಪು ಗಂಡಸಿಗೆ, ದುಡಿದು ಮನೆಗೆ ಬಂದು ಮಕ್ಕಳಿಗೆ ಉಣಿಸುವವನಿಗೆ, ಆ ಪರದೆಯ ಮೇಲೆ ಬಹುಕಾಲ ಜಾಗವಿರಲಿಲ್ಲ.

ಎಂಬತ್ತರ ದಶಕದ ಕೊನೆಗೆ ಭಯ ಹುಟ್ಟಿಸುವ ಮುಖವೇ ಗೆದ್ದಿತು. 1988ರ ಅಧ್ಯಕ್ಷ ಚುನಾವಣೆಯಲ್ಲಿ ಜಾರ್ಜ್ ಬುಷ್ ಪರವಾದ ಗುಂಪೊಂದು ಟಿ.ವಿ. ಜಾಹೀರಾತು ಕೊಟ್ಟಿತು. ಮ್ಯಾಸಚೂಸೆಟ್ಸ್ ರಾಜ್ಯದ ಜೈಲಿನಿಂದ ರಜೆಯ ಮೇಲೆ ಹೊರಬಂದು ತಪ್ಪಿಸಿಕೊಂಡ ಹಾರ್ಟನ್ ಎಂಬ ಕಪ್ಪು ಕೈದಿ ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರ ಮಾಡಿದ್ದ. ಆತನ ಮುಖವನ್ನು ಪರದೆ ತುಂಬ ತೋರಿಸಿ, ಆ ರಾಜ್ಯದ ಗವರ್ನರ್ ಆಗಿದ್ದ ಎದುರಾಳಿಯನ್ನು ಹಳಿದರು. ಆತನ ಅಪರಾಧ ನಿಜ, ಶಿಕ್ಷೆಯೂ ನ್ಯಾಯ. ನನ್ನ ಪ್ರಶ್ನೆ ಬೇರೆ. ಆ ಮುಖದಿಂದ ಓಟು ಸಿಕ್ಕಿತು, ಹೆಂಗಸರಿಗೆ ಸಿಕ್ಕಿದ್ದೇನು? ಆ ಜಾಹೀರಾತು ಬರುತ್ತಿದ್ದಾಗ ಅಮೆರಿಕದ ಹಲವು ರಾಜ್ಯಗಳಲ್ಲಿ ಗಂಡ ಹೆಂಡತಿಯ ಮೇಲೆ ಅತ್ಯಾಚಾರ ಮಾಡಿದರೆ ಅದು ಅಪರಾಧವೇ ಆಗಿರಲಿಲ್ಲ. ಎಲ್ಲ 50 ರಾಜ್ಯಗಳೂ ಅದನ್ನು ಅಪರಾಧವೆಂದು ಒಪ್ಪಿದ್ದು 1993ರ ಹೊತ್ತಿಗೆ. ನಮ್ಮ ನ್ಯಾಯ ಸಂಹಿತೆ ಗಂಡನಿಗೆ ಆ ವಿನಾಯಿತಿಯನ್ನು ಉಳಿಸಿಕೊಂಡೇ ಜಾರಿಗೆ ಬಂದಿದೆ. ಹೊರಗಿನವನ ಮುಖ ಕಂಡು ನಡುಗಿದವರು ಮನೆಯೊಳಗಿನವನಿಗೆ ರಜಾಚೀಟಿ ಬರೆದುಕೊಟ್ಟರು!

1989ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಓಡುತ್ತಿದ್ದ ಯುವತಿಯೊಬ್ಬಳ ಮೇಲೆ ಭೀಕರ ಅತ್ಯಾಚಾರ ನಡೆಯಿತು. 14ರಿಂದ 16 ವರ್ಷದ ಐವರು ಹುಡುಗರನ್ನು ಪೊಲೀಸರು ಹಿಡಿದರು. ನಾಲ್ವರು ಕಪ್ಪು ಹುಡುಗರು, ಒಬ್ಬ ಲ್ಯಾಟಿನೊ. ಗಂಟೆಗಟ್ಟಲೆ ಕೂಡಿಹಾಕಿ ತಪ್ಪೊಪ್ಪಿಗೆ ಹೇಳಿಸಿದರು. ಟಿ.ವಿ. ಮತ್ತು ಪತ್ರಿಕೆಗಳು ಅವರನ್ನು ತೋಳಗಳ ಹಿಂಡೆಂದು ಕರೆದವು. ಸಿಕ್ಕ ಡಿ.ಎನ್.ಎ. ಈ ಹುಡುಗರಲ್ಲಿ ಯಾರದಕ್ಕೂ ಹೊಂದಲಿಲ್ಲ. ಆದರೂ 1990ರಲ್ಲಿ ಶಿಕ್ಷೆಯಾಯಿತು. ನಿಜವಾದ ಅಪರಾಧಿ ಒಪ್ಪಿಕೊಂಡು, ಡಿ.ಎನ್.ಎ. ಅದನ್ನು ಖಚಿತಪಡಿಸಿ, ತೀರ್ಪು ರದ್ದಾದದ್ದು 2002ರಲ್ಲಿ. 2014ರಲ್ಲಿ ನಗರಾಡಳಿತ ಅವರಿಗೆ 4 ಕೋಟಿ 10 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಕಳೆದ ಪ್ರಾಯವನ್ನು ಹಣ ತಂದುಕೊಡಲಾರದು. ಆದರೆ ಇದರ ಇನ್ನೊಂದು ಮುಖ ನಮ್ಮಂಥವರಿಗೆ ಮುಖ್ಯ. ತಪ್ಪು ಹುಡುಗರನ್ನು ಹಿಡಿದು ಎಲ್ಲರೂ ಸಮಾಧಾನಗೊಂಡಿದ್ದಾಗ, ನಿಜವಾದ ಅಪರಾಧಿ ಅದೇ ಬೇಸಿಗೆಯಲ್ಲಿ ಮತ್ತಷ್ಟು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ, ಒಬ್ಬ ಬಸುರಿಯನ್ನು ಕೊಂದ. ತಪ್ಪು ಮುಖಕ್ಕೆ ಬೆರಳು ಮಾಡಿದಾಗ ನಿರಪರಾಧಿ ಗಂಡಸಿನ ಜೊತೆಗೆ ಹೆಣ್ಣೂ ಬೆಲೆ ತೆರುತ್ತಾಳೆ.

ಟಿ.ವಿ. ಈ ಕೆಲಸವನ್ನು ಹೇಗೆ ಮಾಡುತ್ತದೆ ಎಂದು ಅಲ್ಲಿಯ ವಿದ್ವಾಂಸರು ತಾಳ್ಮೆಯಿಂದ ನೋಡಿದ್ದಾರೆ. ತೊಂಬತ್ತರ ದಶಕದ ಆರಂಭದಲ್ಲಿ ರಾಬರ್ಟ್ ಎಂಟ್‌ಮನ್ ಎಂಬುವರು ಷಿಕಾಗೊ ನಗರದ ಟಿ.ವಿ. ಸುದ್ದಿಗಳನ್ನು ಪರಿಶೀಲಿಸಿದರು. ಆರೋಪಿ ಬಿಳಿಯನಾದರೆ ಹೆಸರು ಹೇಳುವುದು ಹೆಚ್ಚು. ಕಪ್ಪು ಮನುಷ್ಯನಾದರೆ ಹೆಸರಿಲ್ಲದೆ, ಪೊಲೀಸರು ರಟ್ಟೆ ಹಿಡಿದು ಎಳೆದೊಯ್ಯುವ ಚಿತ್ರ ಹೆಚ್ಚು. ಹೆಸರಿದ್ದವನು ಒಬ್ಬ ವ್ಯಕ್ತಿ, ಹೆಸರಿಲ್ಲದವನು ಇಡೀ ಜಾತಿಯ ಗುರುತು. 2000ದಲ್ಲಿ ಗಿಲಿಯಮ್ ಮತ್ತು ಅಯ್ಯಂಗಾರ್ ಎಂಬ ಇಬ್ಬರು ಲಾಸ್ ಏಂಜಲೀಸಿನ ಜನರಿಗೆ ಅಪರಾಧದ ಸುದ್ದಿಯೊಂದನ್ನು ತೋರಿಸಿದ ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ತೋರಿಸಿದ ಸುದ್ದಿಯಲ್ಲಿ ಆರೋಪಿಯ ಮುಖವೇ ಇರಲಿಲ್ಲ. ಆದರೂ ಅವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಆರೋಪಿಯನ್ನು ಕಂಡೆವೆಂದರು. ಹಾಗೆಂದವರಲ್ಲಿ ನೂರಕ್ಕೆ 70 ಮಂದಿ ಅವನು ಕಪ್ಪು ಮನುಷ್ಯನೆಂದರು. ಇಲ್ಲದ ಮುಖವನ್ನು ಕಣ್ಣೇ ಬರೆದುಕೊಂಡಿತು. ವರ್ಷಾನುಗಟ್ಟಲೆ ನೋಡಿದ ಟಿ.ವಿ. ಅದಕ್ಕೆ ಬಣ್ಣ ಅರೆದುಕೊಟ್ಟಿತ್ತು.

ಹಾಗಾದರೆ ಕಪ್ಪು ಗಂಡಸರನ್ನು ಒಳ್ಳೆಯವರೆಂದು ತೋರಿಸಿದರೆ ಸಾಕೆ? ಅದೂ ಆಗಿದೆ. 1984ರಿಂದ 1992ರವರೆಗೆ ನಡೆದ 'ದಿ ಕಾಸ್ಬಿ ಷೋ'ದಲ್ಲಿ ಬಿಲ್ ಕಾಸ್ಬಿ ವೈದ್ಯ, ಅವನ ಹೆಂಡತಿ ವಕೀಲೆ, ಐವರು ಮಕ್ಕಳ ನಗುನಗುವ ಮನೆ. ಇಡೀ ಅಮೆರಿಕ ಅವನನ್ನು ಆದರ್ಶ ತಂದೆಯೆಂದು ಕೊಂಡಾಡಿತು. ಆ ಧಾರಾವಾಹಿಯಿಂದ ಕಪ್ಪು ಜನರಿಗೆ ಬಂದ ಹೆಮ್ಮೆ ಸಣ್ಣದಲ್ಲ. ಆದರೆ ಮುಂದೆ 50ಕ್ಕೂ ಹೆಚ್ಚು ಹೆಂಗಸರು, ಕಪ್ಪು ಮತ್ತು ಬಿಳಿ ಎರಡೂ ಬಣ್ಣದವರು, ಕಾಸ್ಬಿ ತಮ್ಮ ಮೇಲೆ ದೌರ್ಜನ್ಯ ಎಸಗಿದನೆಂದು ಹೇಳಿದರು. ಆತ ಅದನ್ನು ಅಲ್ಲಗಳೆದಿದ್ದಾನೆ. 2018ರಲ್ಲಿ ಒಂದು ಪ್ರಕರಣದಲ್ಲಿ ಶಿಕ್ಷೆಯಾಗಿ, 2021ರಲ್ಲಿ ಮೇಲಿನ ನ್ಯಾಯಾಲಯ ವಿಚಾರಣೆಯ ಕ್ರಮದಲ್ಲಿ ಲೋಪವಿದೆಯೆಂದು ಅದನ್ನು ರದ್ದುಮಾಡಿತು. 2022ರಲ್ಲಿ ಇನ್ನೊಂದು ಸಿವಿಲ್ ಮೊಕದ್ದಮೆಯಲ್ಲಿ ತೀರ್ಪು ಅವನ ವಿರುದ್ಧ ಬಂತು. 'ಅಂಥ ಮನುಷ್ಯ ಹಾಗೆ ಮಾಡಿಯಾನೆ?' ಎಂಬ ಮಾತು ಆ ಹೆಂಗಸರನ್ನು ದಶಕಗಳ ಕಾಲ ಬಾಯಿ ಮುಚ್ಚಿಸಿತು. ಈ ಮಾತು ನಮಗೆ ಹೊಸದೆ? ಮೇಷ್ಟ್ರು, ಡಾಕ್ಟರು, ದೇವಸ್ಥಾನದ ಧರ್ಮದರ್ಶಿ, 'ಅಂಥವರು ಹೆಂಡತಿಗೆ ಹೊಡೆದಾರೆ?' ಎಂದು ಎಷ್ಟು ಪಂಚಾಯಿತಿಗಳಲ್ಲಿ ಕೇಳಿದ್ದೇವೆ!

ಓ.ಜೆ. ಸಿಂಪ್ಸನ್‌ನ ಪ್ರಕರಣ ಎರಡೂ ಮುಖಗಳನ್ನು ಒಟ್ಟಿಗೆ ತೋರಿಸಿತು. ಆತ ಕಾಲ್ಚೆಂಡಿನ ವೀರ, ಜಾಹೀರಾತುಗಳ ನಗುಮುಖ. 1989ರಲ್ಲೇ ಹೆಂಡತಿ ನಿಕೋಲ್‌ಳನ್ನು ಹೊಡೆದ ಮೊಕದ್ದಮೆಯಲ್ಲಿ ಆರೋಪವನ್ನು ಎದುರಿಸದೆ ದಂಡ ಕಟ್ಟಿ, ಸಮಾಜಸೇವೆಯ ಶಿಕ್ಷೆ ಪಡೆದು ಹೊರಬಂದಿದ್ದ. ಟಿ.ವಿ.ಯಲ್ಲಿ ಅವನ ಜಾಗಕ್ಕೆ ಆಗ ಕುತ್ತು ಬರಲಿಲ್ಲ. 1994ರ ಜೂನ್‌ನಲ್ಲಿ, ಆ ಹೊತ್ತಿಗೆ ವಿಚ್ಛೇದನ ಪಡೆದಿದ್ದ ನಿಕೋಲ್ ಮತ್ತು ಅವಳ ಸ್ನೇಹಿತ ಕೊಲೆಯಾದರು. 'ಟೈಮ್' ಪತ್ರಿಕೆ ಅವನ ಪೊಲೀಸ್ ಫೋಟೋವನ್ನು ಮತ್ತಷ್ಟು ಕಪ್ಪಾಗಿಸಿ ಮುಖಪುಟಕ್ಕೆ ಹಾಕಿತು. ಅದೇ ವಾರ ಅದೇ ಫೋಟೋವನ್ನು 'ನ್ಯೂಸ್‌ವೀಕ್' ಇದ್ದಂತೆಯೇ ಹಾಕಿದ್ದರಿಂದ ಈ ಕೈಚಳಕ ಎಲ್ಲರಿಗೂ ಕಂಡಿತು. ನಗುಮುಖ ಒಂದೇ ರಾತ್ರಿಯಲ್ಲಿ ರಾಕ್ಷಸ ಮುಖವಾಯಿತು. ತಿಂಗಳುಗಟ್ಟಲೆ ವಿಚಾರಣೆಯನ್ನು ಟಿ.ವಿ. ನೇರವಾಗಿ ಬಿತ್ತರಿಸಿತು. ದೇಶವೆಲ್ಲ ಕಪ್ಪು ಬಿಳಿ ಎಂದು ಎರಡಾಗಿ ವಾದಿಸಿತು. 1995ರಲ್ಲಿ ಅವನು ಖುಲಾಸೆಯಾದ. 1997ರಲ್ಲಿ ಸಿವಿಲ್ ನ್ಯಾಯಾಲಯ ಆ ಸಾವುಗಳಿಗೆ ಅವನನ್ನೇ ಹೊಣೆ ಮಾಡಿತು. ಈ ಗದ್ದಲದಲ್ಲಿ, ನನ್ನನ್ನು ಕಾಪಾಡಿ ಎಂದು ಮತ್ತೆ ಮತ್ತೆ ಪೊಲೀಸರಿಗೆ ಫೋನು ಮಾಡಿದ್ದ ಹೆಣ್ಣಿನ ದನಿ ಎಷ್ಟು ಜನರಿಗೆ ಕೇಳಿಸಿತು?

ಈ ನಡುವೆ ಕಪ್ಪು ಹೆಣ್ಣಿನ ಪಾಡೇನು? ಮನೆಯಲ್ಲಿ ಗಂಡ ಹೊಡೆದರೆ ಅವಳು ಯಾರನ್ನು ಕರೆಯಬೇಕು? ಪೊಲೀಸರನ್ನು ಕರೆದರೆ ಅವನು ಜೀವಸಹಿತ ಹಿಂದಿರುಗುತ್ತಾನೋ ಇಲ್ಲವೋ ಎಂಬ ಭಯ. ಕರೆಯದಿದ್ದರೆ ತನ್ನ ಜೀವದ ಭಯ. ಹೇಳಿಕೊಂಡರೆ, ಬಿಳಿಯರ ಬಾಯಿಗೆ ನಮ್ಮವರನ್ನು ಕೊಟ್ಟೆ ಎಂಬ ಬೈಗುಳ. ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್‌ಷಾ 1991ರಲ್ಲಿ ಬರೆದಂತೆ, ಲಾಸ್ ಏಂಜಲೀಸ್ ಪೊಲೀಸರು ಬಡಾವಣೆವಾರು ಗೃಹಹಿಂಸೆಯ ಅಂಕಿ ಅಂಶ ಕೊಡಲು ಒಪ್ಪಲಿಲ್ಲ. ಅವು ಹೊರಬಂದರೆ ಕಪ್ಪು ಜನರೇ ಕ್ರೂರಿಗಳೆಂದು ಬಿಂಬಿಸಿಯಾರೆಂಬ ಅಳುಕು ಆ ಸಮುದಾಯದ ಕೆಲವರಲ್ಲೂ ಇತ್ತು. ಟಿ.ವಿ. ಮಾಡಿದ ಸುಳ್ಳು ಚಿತ್ರಕ್ಕೆ ಹೆದರಿ ನಿಜವಾದ ಏಟುಗಳು ಲೆಕ್ಕಕ್ಕೆ ಸಿಗದೆ ಹೋದವು.

ಅದೇ ವರ್ಷ ಅನಿಟಾ ಹಿಲ್ ಎಂಬ ಕಪ್ಪು ಪ್ರಾಧ್ಯಾಪಕಿ, ಸುಪ್ರೀಂ ಕೋರ್ಟಿಗೆ ನೇಮಕವಾಗಲಿದ್ದ ಕ್ಲಾರೆನ್ಸ್ ಥಾಮಸ್ ಎಂಬ ಕಪ್ಪು ನ್ಯಾಯಾಧೀಶ ಕೆಲಸದ ಜಾಗದಲ್ಲಿ ತನಗೆ ಲೈಂಗಿಕ ಕಿರುಕುಳ ಕೊಟ್ಟನೆಂದು ಸೆನೆಟ್ ಸಮಿತಿಯ ಮುಂದೆ ಹೇಳಿದಳು. ಎದುರಿಗೆ ಕೂತಿದ್ದ 14 ಮಂದಿಯೂ ಬಿಳಿಯ ಗಂಡಸರು. ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. ಥಾಮಸ್ ಎಲ್ಲವನ್ನೂ ಅಲ್ಲಗಳೆದು, ಇದು ಕಪ್ಪು ಗಂಡಸನ್ನು ಹೊಸ ವಿಧಾನದಲ್ಲಿ ನೇಣಿಗೆ ಹಾಕುವ ಕೆಲಸವೆಂದ. ಐಡಾ ವೆಲ್ಸ್ ಎಂಬ ಹೆಣ್ಣು ಬಯಲಿಗೆಳೆದ ಚರಿತ್ರೆಯ ನೋವು ಇನ್ನೊಂದು ಹೆಣ್ಣಿನ ಬಾಯಿ ಮುಚ್ಚಿಸಲು ಬಳಕೆಯಾಯಿತು. 52 ಓಟುಗಳ ಎದುರು 48 ಬಿದ್ದು ಆತನ ನೇಮಕವಾಯಿತು. ಆಗ 1,603 ಮಂದಿ ಕಪ್ಪು ಮಹಿಳೆಯರು ತಾವೇ ಹಣ ಕೂಡಿಸಿ, ತಮ್ಮ ಹೆಸರುಗಳನ್ನೆಲ್ಲ ಹಾಕಿ, 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಒಂದು ಹೇಳಿಕೆ ಪ್ರಕಟಿಸಿದರು. ವರ್ಣಭೇದವನ್ನೂ ಸಹಿಸೆವು, ಹೆಣ್ಣಿನ ಮೇಲಿನ ಕಿರುಕುಳವನ್ನೂ ಸಹಿಸೆವು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ನಮಗೆ ಹೇಳಬೇಡಿ ಎಂಬುದು ಅದರ ಸಾರ. ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಕೂಡಿಸುವ ನಮಗೆ ಆ ಕೂಡಿಸಿದ ಹಣದ ಬೆಲೆ ತಿಳಿಯುತ್ತದೆ.

ಈ ರೋಗ ಅಮೆರಿಕಕ್ಕೆ ಮಾತ್ರ ಸೇರಿದ್ದೆ? 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಹಾಯ್ದು ಸ್ಥಳೀಯ ಹೆಣ್ಣುಮಗಳೊಬ್ಬಳು ಸತ್ತಳು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿದ್ದಿತು. ಕಾರಿಗೆ ಬೆಂಕಿ ಹಚ್ಚಿದರು. ತನ್ನನ್ನು ಹೊಡೆದು ಬಟ್ಟೆ ಹರಿದರೆಂದು ಆಕೆ ದೂರು ಕೊಟ್ಟಳು. ಆಕೆಗೂ ಅಪಘಾತಕ್ಕೂ ಇದ್ದ ನಂಟು ಮೈಬಣ್ಣವೊಂದೇ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸಿದ್ದಿಯರು ತಲೆತಲಾಂತರದಿಂದ ನಮ್ಮವರು, ನಮ್ಮ ಮಾತು ಆಡುವವರು. ಅವರನ್ನೂ ಪೇಟೆಯಲ್ಲಿ ಯಾವ ದೇಶದವರೆಂದು ಕೇಳುವವರಿದ್ದಾರೆ. ಇನ್ನು ಹುಡುಗಿ ಕಪ್ಪೆಂದು ವರದಕ್ಷಿಣೆ ಹೆಚ್ಚು ಕೇಳುವ ನಮ್ಮ ಮನೆಗಳಿಗೆ, ಬಣ್ಣಕ್ಕೆ ಬೆಲೆ ಕಟ್ಟುವುದು ಹೇಗೆಂದು ಅಮೆರಿಕದವರು ಬಂದು ಕಲಿಸಬೇಕಾಗಿಲ್ಲ.

ಅಲ್ಲಿ ಬದಲಾವಣೆ ಬಂದಿಲ್ಲವೆಂದಲ್ಲ. ಸೆಂಟ್ರಲ್ ಪಾರ್ಕಿನ ಹುಡುಗರ ಕಥೆಯನ್ನು 2019ರಲ್ಲಿ ಏವಾ ಡುವರ್ನೆ ಎಂಬ ಕಪ್ಪು ನಿರ್ದೇಶಕಿ 'ವೆನ್ ದೆ ಸೀ ಅಸ್' ಎಂಬ ಸರಣಿಯಲ್ಲಿ ತೋರಿಸಿದಳು. ಅವರ ತಾಯಂದಿರು, ಅವರ ಅಡುಗೆಮನೆ, ಅವರ ಅಳು ಎಲ್ಲ ಅದರಲ್ಲಿದ್ದವು. ಆ ಐವರಲ್ಲಿ ಒಬ್ಬ 2023ರಲ್ಲಿ ನ್ಯೂಯಾರ್ಕ್ ನಗರಸಭೆಗೆ ಆರಿಸಿಬಂದ.

ನಾನು ಹೇಳಬೇಕಾದದ್ದು ಇಷ್ಟೇ. ಹೊಡೆಯುವವನಿಗೆ ಇಂಥದೇ ಬಣ್ಣ, ಇಂಥದೇ ಜಾತಿ, ಧರ್ಮ, ಕೇರಿ ಎಂದು ಇಲ್ಲ. ಅವನಿಗೆ ಬೇಕಾದದ್ದು ಮುಚ್ಚಿದ ಬಾಗಿಲು ಮತ್ತು ಕೇಳುವವರಿಲ್ಲ ಎಂಬ ಧೈರ್ಯ. ಬೇಲಿಯೇ ಎದ್ದು ಹೊಲ ಮೇಯುವಾಗ ದಾರಿಹೋಕನನ್ನು ಹಿಡಿದು ಥಳಿಸಿದರೆ ಹೊಲ ಉಳಿಯದು. ನಮ್ಮ ಟಿ.ವಿ.ಯೂ ಮೊಬೈಲೂ ದಿನವೂ ಒಂದಲ್ಲ ಒಂದು ಗುಂಪಿನ ಗಂಡಸರನ್ನು ತೋರಿಸಿ, ಇವರಿಂದ ನಿಮ್ಮ ಹೆಣ್ಣುಮಕ್ಕಳನ್ನು ಕಾಪಾಡಿಕೊಳ್ಳಿ ಎನ್ನುತ್ತವೆ. ಮುಂದಿನ ಸಲ ಹಾಗೆ ತೋರಿಸಿದಾಗ ಸಂಘದಲ್ಲಿ ಕೂತು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಈ ಮುಖ ತೋರಿಸುವುದರಿಂದ ಯಾರಿಗೆ ಲಾಭ? ಇದೇ ತಪ್ಪನ್ನು ಅವರದೇ ಜಾತಿಯ ದೊಡ್ಡ ಮನುಷ್ಯ ಮಾಡಿದ್ದರೆ ಹೀಗೇ ತೋರಿಸುತ್ತಿದ್ದರೆ? ಈ ಗದ್ದಲದಲ್ಲಿ ನೊಂದ ಹೆಣ್ಣು ಏನು ಹೇಳಿದಳೆಂದು ಯಾರಾದರೂ ಕೇಳಿದರೆ?

ಮತ್ತೆ, ಸಭೆ ಮುಗಿಸಿ ಏಳುವ ಮುನ್ನ ಒಂದು ಸಲ ನಮ್ಮ ಸುತ್ತ ನೋಡೋಣ. ಯಾವ ಅಕ್ಕ ಈ ವಾರ ಬಂದಿಲ್ಲ? ಯಾವ ತಂಗಿ ಸೆರಗು ಎಳೆದುಕೊಂಡು ತೋಳು ಮುಚ್ಚಿಕೊಂಡಿದ್ದಾಳೆ? ಟಿ.ವಿ. ಅದನ್ನು ತೋರಿಸುವುದಿಲ್ಲ. ಆ ಮನೆಯ ಬಾಗಿಲನ್ನು ನಾವೇ ತಟ್ಟಬೇಕು.

– ಸಂಪಾದಕಿ